ಹೆಪ್ಪು ಹಾಕಿದ ಗಡಿಗೆ ಅಲುಗಾಡಿಸಬಾರದು

ಮುಂಗಾರು ಹಿಡಿದ ವಾರ. ರಾಣೆಬೆನ್ನೂರು ಸೀಮೆಯಲ್ಲಿ ಗೋವಿನಜೋಳ ಬಿತ್ತುವ ಗಡಿಬಿಡಿ. ಇಂಥ ರಾತ್ರಿಗಳಲ್ಲಿ ಆಸ್ಪತ್ರೆಯ ಬಾಗಿಲಿಗೆ ಬೈಕ್ ಬಂದು ನಿಂತರೆ, ನಡುವೆ ಕೂತವನ ಕಾಲಿಗೆ ಟವೆಲ್ ಬಿಗಿದಿದ್ದರೆ, ಡ್ಯೂಟಿಯಲ್ಲಿರುವ ನರ್ಸ್‌ಗೆ ಯಾರೂ ಏನೂ ಹೇಳಬೇಕಾಗಿಲ್ಲ. ಆಕೆ ಟವೆಲನ್ನು ತಟ್ಟನೆ ಬಿಚ್ಚುವುದಿಲ್ಲ. ಕಟ್ಟಿದ ಜಾಗದ ಕೆಳಗೆ ನಾಡಿ ಸಿಗುತ್ತದೆಯೇ ನೋಡುತ್ತಾಳೆ. ಡಾಕ್ಟರು, ಔಷಧ, ಆಕ್ಸಿಜನ್ ಪಕ್ಕದಲ್ಲಿವೆ ಎಂದು ಖಾತ್ರಿಯಾದ ಮೇಲೆಯೇ ಸಡಿಲಿಸುವುದು. ಆಮೇಲೆ ರಕ್ತನಾಳದಿಂದ ಎರಡು ಎಂ.ಎಲ್. ರಕ್ತ ತೆಗೆದು ಒಣಗಿದ, ಶುಭ್ರವಾದ ಗಾಜಿನ ನಳಿಕೆಗೆ ಬಿಟ್ಟು, ಮಂಚದ ಪಕ್ಕದ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ, ಗಡಿಯಾರ ನೋಡುತ್ತಾಳೆ.

ಇಪ್ಪತ್ತು ನಿಮಿಷ. ನಳಿಕೆ ಮುಟ್ಟುವಂತಿಲ್ಲ, ಎತ್ತಿ ನೋಡುವಂತಿಲ್ಲ. ಪ್ಲಾಸ್ಟಿಕ್ ನಳಿಕೆಯಾದರೆ ಫಲಿತಾಂಶ ನಂಬುವಂತಿಲ್ಲ, ಸೋಪಿನ ಪುಡಿಯಲ್ಲಿ ತೊಳೆದ ಗಾಜಾದರೂ ಅಷ್ಟೇ. ಇಪ್ಪತ್ತು ನಿಮಿಷ ಕಳೆದ ಮೇಲೆ ನಳಿಕೆಯನ್ನು ಮೆಲ್ಲಗೆ ವಾಲಿಸಬೇಕು. ರಕ್ತ ಗಟ್ಟಿಯಾಗಿ ತಳ ಹಿಡಿದಿದ್ದರೆ ಸದ್ಯಕ್ಕೆ ನಿಟ್ಟುಸಿರು. ನೀರಿನ ಹಾಗೆ ಹರಿದರೆ ಮಂಡಲದ ಹಾವಿನ ವಿಷ ಮೈಗೇರಿದೆ ಎಂದರ್ಥ. ಜಗತ್ತಿನ ಅತಿ ಅಗ್ಗದ ಲ್ಯಾಬ್ ಪರೀಕ್ಷೆಗಳಲ್ಲಿ ಇದೂ ಒಂದು. ಮಾಡುವವಳು ನರ್ಸ್.

ಕಷ್ಟ ಇರುವುದು ನಳಿಕೆಯಲ್ಲಲ್ಲ, ಆ ಇಪ್ಪತ್ತು ನಿಮಿಷದಲ್ಲಿ. ಸುತ್ತ ಹತ್ತು ಜನ. ಮುಲಾಮು ತಂದವನೊಬ್ಬ, ಮಂತ್ರ ಹಾಕಿಸಿಕೊಂಡು ಬಂದವನೊಬ್ಬ, ಸತ್ತ ಹಾವನ್ನೇ ಚೀಲದಲ್ಲಿ ತಂದವನು ಇನ್ನೊಬ್ಬ. ಎಲ್ಲರದೂ ಒಂದೇ ಪ್ರಶ್ನೆ: “ಅಕ್ಕಾರ, ಸುಮ್ನ ಯಾಕ ನಿಂತೀರಿ? ಇಂಜೆಕ್ಷನ್ ಮಾಡ್ರಲಾ.” ವೈದ್ಯಕೀಯ ಭಾಷೆಯಲ್ಲಿ ಇದಕ್ಕೆ ಕೊಡುವ ಉತ್ತರ ಯಾರ ಕಿವಿಗೂ ಇಳಿಯುವುದಿಲ್ಲ. ಆದರೆ ಕನ್ನಡದಲ್ಲಿ ಒಂದು ಅನುಕೂಲವಿದೆ. ರಕ್ತ ಗಟ್ಟಿಯಾಗುವುದಕ್ಕೂ ಹಾಲು ಮೊಸರಾಗುವುದಕ್ಕೂ ನಮ್ಮಲ್ಲಿ ಒಂದೇ ಮಾತು, ಹೆಪ್ಪು. “ಹೆಪ್ಪು ಹಾಕಿದ ಗಡಿಗಿ ಅಲುಗಾಡಸ್ತೀರೇನು ನೀವು? ಇದೂ ಹಂಗ. ಹೆಪ್ಪಾತಂದ್ರ ಕಾಯಾಮು. ಆಗಲಿಲ್ಲಂದ್ರ ಆ ಕ್ಷಣಕ್ಕ ಔಷಧ ಸುರು” ಎಂದರೆ ಜೊತೆಗೆ ಬಂದ ಮುದುಕಿ ತಾನೇ ಉಳಿದವರನ್ನು ಹಿಂದಕ್ಕೆ ಸರಿಸುತ್ತಾಳೆ. ಶುಶ್ರೂಷೆಯ ಪಠ್ಯಪುಸ್ತಕಗಳು ‘ರೋಗಿಯೊಂದಿಗೆ ಸಂವಹನ’ ಎಂದು ಅಧ್ಯಾಯಗಟ್ಟಲೆ ಬರೆಯುವುದು ಇದೇ ಕೆಲಸದ ಬಗ್ಗೆ.

ಭಾರತದಲ್ಲಿ 2000ದಿಂದ 2019ರ ತನಕ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಅಂದಾಜು ಮಾಡಿತು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ನಮ್ಮ ಆಸ್ಪತ್ರೆಗಳಲ್ಲಿರುವ ವಿಷನಿರೋಧಕ ನಾಲ್ಕು ಹಾವುಗಳಿಗೆ ಮದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಮೊದಲ ಸುತ್ತಿಗೆ ಸಾಮಾನ್ಯವಾಗಿ ಹತ್ತು ವಯಲ್. ಮಗುವಿಗೂ ಅಷ್ಟೇ, ಮಲ್ಲನಿಗೂ ಅಷ್ಟೇ. “ಸಣ್ಣ ಕೂಸಿಗೆ ಇಷ್ಟ್ಯಾಕ?” ಎಂದು ಕೇಳುವ ತಂದೆಗೆ ಉತ್ತರ ಸರಳ. ಹಾವು ಕೂಸೆಂದು ವಿಷ ಕಡಿಮೆ ಬಿಟ್ಟಿರುವುದಿಲ್ಲ.

ಗಾಜಿನ ನಳಿಕೆಗೆ ಸಿಗದ ಹಾವುಗಳೂ ಇವೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ಎಷ್ಟೋ ಸಲ ನೋವಿಲ್ಲ, ಬಾವಿಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಎಂದು ಏಳುತ್ತಾರೆ, ಕಣ್ಣು ಬಿಡಲಾಗುವುದಿಲ್ಲ. ಮನೆಯವರು ಗಾಳಿ ಸೋಕಿತೆನ್ನುತ್ತಾರೆ, ಇಲ್ಲವೇ ರಾತ್ರಿ ಕುಡಿದದ್ದು ಇಳಿದಿಲ್ಲ ಎನ್ನುತ್ತಾರೆ. ರಕ್ತ ಚೆನ್ನಾಗಿಯೇ ಹೆಪ್ಪುಗಟ್ಟುತ್ತದೆ, ಯಾಕೆಂದರೆ ಈ ವಿಷ ಹೋಗುವುದು ನರಗಳ ಕಡೆಗೆ. ಇಲ್ಲಿ ನರ್ಸ್ ನೋಡುವುದೇ ಬೇರೆ. ರೆಪ್ಪೆ ಎತ್ತಲು ಬರುತ್ತದೆಯೇ, ಎದುರಿಗಿರುವುದು ಎರಡೆರಡಾಗಿ ಕಾಣುತ್ತದೆಯೇ, ನಾಲಗೆ ಹೊರಗೆ ಬರುತ್ತದೆಯೇ. ಆಮೇಲೆ ಒಂದು ಆಟದಂಥ ಪರೀಕ್ಷೆ: ಒಂದೇ ಉಸಿರಿನಲ್ಲಿ ಎಷ್ಟರ ತನಕ ಎಣಿಸುತ್ತೀ? ಮೊದಲು ಇಪ್ಪತ್ತೈದರ ತನಕ ಹೋದವನು ಅರ್ಧ ತಾಸಿಗೆ ಹದಿನೈದಕ್ಕೆ ನಿಂತರೆ, ಉಸಿರಿನ ಸ್ನಾಯುಗಳು ಸೋಲುತ್ತಿವೆ. ಬೆರಳಿಗೆ ಸಿಕ್ಕಿಸಿದ ಯಂತ್ರದಲ್ಲಿ ಆಕ್ಸಿಜನ್ ಇನ್ನೂ 97 ಎಂದೇ ತೋರಿಸುತ್ತಿರಬಹುದು.

ಲಕ್ಷಣದಂತೆ ಮಾತನ್ನೂ ಓದಬೇಕಾದ ಊರು ಕುಮಾರಪಟ್ಟಣ. ಅದು ಇರುವುದು ತುಂಗಭದ್ರೆಯ ಈ ದಡದಲ್ಲಿ, ಸೇತುವೆ ದಾಟಿದರೆ ಹರಿಹರ. ಗ್ರಾಸಿಂ ಕಂಪನಿಯ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ 1970ರ ದಶಕದಲ್ಲಿ ಬಂದ ಮೇಲೆ ಬೆಳೆದ ಊರು. ಕಾರ್ಖಾನೆಯ ಹೆಸರಿನಲ್ಲಿ ಹರಿಹರ, ಇರುವುದು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ. ಹರಿಹರ ದಾವಣಗೆರೆ ಜಿಲ್ಲೆಗೆ ಸೇರಿದ್ದು. ಈ ಎರಡೂ ಜಿಲ್ಲೆಗಳು ಹುಟ್ಟಿದ್ದು 1997ರಲ್ಲಿ. ಗಡಿ ಮಾತ್ರ ತೀರ ಹಳೆಯದು. 1956ರ ತನಕ ಈ ದಡ ಮುಂಬಯಿ ಆಡಳಿತ, ಆ ದಡ ಮೈಸೂರು. ಇವತ್ತಿಗೂ ಸೇತುವೆಯ ಈ ತುದಿಯ ‘ಹೊಟ್ಟಿ’ ಆ ತುದಿಯಲ್ಲಿ ‘ಹೊಟ್ಟೆ’ಯಾಗುತ್ತದೆ. ‘ಬರಾಕತ್ತೇನಿ’ ಎಂದವನ ಎದುರಿಗೆ ‘ಬರ್ತಾ ಇದೀನಿ’ ಎನ್ನುವವನು ಸಿಗುತ್ತಾನೆ. ಜೊತೆಗೆ ಕೆಲಸ ಹುಡುಕಿ ಬಂದ ಹಿಂದಿಯವರು, ತೆಲುಗಿನವರು. ಆಸ್ಪತ್ರೆಗಳಲ್ಲಿ ಕೇರಳದಿಂದ ಬಂದು ನಾಲ್ಕು ತಿಂಗಳಲ್ಲಿ ಕನ್ನಡ ಕಲಿತ ಸಿಸ್ಟರ್‌ಗಳೂ ಸಿಗುತ್ತಾರೆ.

ಒಂದು ಮಾತು ಹೀಗೆ ನದಿ ದಾಟುವಾಗ ಪ್ರಾಣಕ್ಕೇ ಬರಬಹುದು. “ಸಿಸ್ಟರ್, ಎಣ್ಣಿ ಕುಡದಾನ್ರಿ.” ಬೆಂಗಳೂರು, ಮೈಸೂರು ಕಡೆಯ ಕಿವಿಗೆ ಇದು ಸಾರಾಯಿಯ ಸುದ್ದಿ. ಎಣ್ಣೆ ಎಂದರೆ ಅಲ್ಲಿ ತಮಾಷೆಯ ಮಾತು. ಹಾವೇರಿಯ ಹೊಲದಲ್ಲಿ ಎಣ್ಣಿ ಹೊಡೆಯುವುದೆಂದರೆ ಬೆಳೆಗೆ ಕೀಟನಾಶಕ ಸಿಂಪಡಿಸುವುದು. ಎರಡನೆಯ ಅರ್ಥ ಗೊತ್ತಿಲ್ಲದ ಹೊಸ ನರ್ಸ್ “ಮಲಗಿಸಿ, ಇಳೀತದೆ” ಎಂದುಬಿಟ್ಟರೆ ಕಳೆಯುವುದು ಅರ್ಧ ಗಂಟೆಯಲ್ಲ, ಒಂದು ಜೀವ. ‘ಔಷಧ ತಗೊಂಡಾನ’ ಎಂಬುದೂ ಇದೇ ಜಾತಿಯ ಮಾತು. ಯಾವ ಔಷಧ, ಯಾರ ಔಷಧ, ಎಷ್ಟು ಹೊತ್ತಾಯಿತು ಎಂದು ಕೇಳದೆ ಮುಂದೆ ಹೋಗುವಂತಿಲ್ಲ.

ಅನುಭವಿ ನರ್ಸ್ ಮಾತನ್ನು ನಂಬಿ ಕೂರುವುದಿಲ್ಲ. ರೋಗಿಯ ಬಟ್ಟೆಯ ವಾಸನೆ ನೋಡುತ್ತಾಳೆ. ಟಾರ್ಚ್ ಬಿಟ್ಟು ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿದೆಯೇ ನೋಡುತ್ತಾಳೆ. ಜೊಲ್ಲು, ಬೆವರು, ಎದೆಯಲ್ಲಿ ಗೊರಗೊರ. “ಡಬ್ಬಿ ತಂದೀರೇನು?” ಎಂಬುದು ಆಕೆಯ ಮೊದಲ ಪ್ರಶ್ನೆಗಳಲ್ಲೊಂದು. ನಮ್ಮಲ್ಲಿ ಮಾರುವ ಕೀಟನಾಶಕದ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಇವುಗಳಲ್ಲೊಂದು ಬಣ್ಣದ, ವಜ್ರಾಕಾರದ ಗುರುತಿರುತ್ತದೆ. ಕೆಂಪೆಂದರೆ ಅತಿ ವಿಷ. ಹೆಸರು ಓದಲು ಬಾರದವರೂ ಬಣ್ಣ ಹೇಳಬಲ್ಲರು. ಫೋನಿನಲ್ಲಿ ಮನೆಗೆ ಕರೆ ಮಾಡಿಸಿ ಬಣ್ಣ ಕೇಳಿದರೂ ಒಂದು ದಾರಿ ಸಿಗುತ್ತದೆ.

ಆದರೆ ಮನೆಯವರು ಸುಳ್ಳು ಹೇಳುತ್ತಾರೆ. ತಪ್ಪಿ ಕುಡಿದ, ಹೊಡೆಯುವಾಗ ಗಾಳಿಗೆ ಮೂಗಿಗೆ ಬಡಿಯಿತು ಎನ್ನುತ್ತಾರೆ. ಪೊಲೀಸರ ಭಯ, ಊರಿನ ಬಾಯಿಯ ಭಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಅದಕ್ಕಾಗಿ ಆತನನ್ನು ಶಿಕ್ಷಿಸುವಂತಿಲ್ಲ. ಇದು ಹಳ್ಳಿಯ ತನಕ ಇನ್ನೂ ಹೋಗಿಲ್ಲ. ಹಾಗಾಗಿ ನರ್ಸ್ ಮಾಡುವ ಜಾಣತನ ಎಂದರೆ ‘ಯಾಕ ಕುಡದ?’ ಎಂದು ಕೇಳದೇ ಇರುವುದು. ಅದು ಆಮೇಲಿನ ಮಾತು. ‘ಏನು, ಎಷ್ಟು, ಯಾವಾಗ’ ಎಂಬುದಷ್ಟೇ ಈಗಿನದು. ಬಂಧುಗಳ ಗುಂಪಿನಿಂದ ಒಬ್ಬರನ್ನು, ಹೆಚ್ಚಾಗಿ ತಾಯಿಯನ್ನೋ ಅತ್ತಿಗೆಯನ್ನೋ, ಪರದೆಯ ಆಚೆ ಕರೆದು ಕೇಳಿದರೆ ನಿಜ ಹೊರಬರುತ್ತದೆ.

ಇಂಥ ವಿಷಕ್ಕೆ ಕೊಡುವ ಅಟ್ರೋಪಿನ್ ಶುರುವಾದ ಮೇಲೆ ಇಡೀ ರಾತ್ರಿ ನರ್ಸ್‌ನದೇ. ಎದೆಯ ಗೊರಗೊರ ಆರುವ ತನಕ ಔಷಧ ಏರಬೇಕು, ಅತಿಯಾದರೆ ಅದೇ ವಿಷ. ಅತಿಯಾದದ್ದು ಮೊದಲು ಗೊತ್ತಾಗುವುದು ಮಾನಿಟರ್‌ಗಿಂತ ಹೆಚ್ಚಾಗಿ ಕೈಗಳಿಂದ. ರೋಗಿ ಹೊದಿಕೆಯ ಎಳೆ ಕೀಳತೊಡಗುತ್ತಾನೆ, ಗಾಳಿಯಲ್ಲಿ ಏನನ್ನೋ ಹಿಡಿಯುತ್ತಾನೆ, ಇಲ್ಲದವರ ಜೊತೆ ಮಾತಾಡುತ್ತಾನೆ. ‘ಹುಚ್ಚು ಹಿಡೀತು’ ಎಂದು ಅಳುವ ಹೆಂಡತಿಗೆ ಇದು ಔಷಧದ ಆಟ, ಇಳಿಯುತ್ತದೆ ಎಂದು ಹೇಳಬೇಕು. ಅದೇ ಉಸಿರಿನಲ್ಲಿ ಡಾಕ್ಟರಿಗೆ ಫೋನೂ ಮಾಡಬೇಕು. ಬದುಕಿ ಎದ್ದವನಿಗೆ ನಾಲ್ಕನೆಯ ದಿನ ಬೇರೊಂದು ಮಾತು ಬೇಕಾಗುತ್ತದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಡಿಸ್ಚಾರ್ಜ್ ಚೀಟಿಯ ಮೂಲೆಯಲ್ಲಿ ಬರೆದುಕೊಡಬಹುದು. ಯಾರಾದರೂ ಕೂತು ಕೇಳಿದ್ದರೆ ಮಾತ್ರ ಅವನು ಅದನ್ನು ಜೇಬಿನಲ್ಲಿಟ್ಟುಕೊಳ್ಳುತ್ತಾನೆ.

ಬ್ಯಾಡಗಿಗೆ ಬಂದರೆ ಪ್ರಶ್ನೆಯೇ ಬದಲಾಗುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮೆಣಸಿನಕಾಯಿಯ ಊರು. ಹಂಗಾಮಿನಲ್ಲಿ ಪೇಟೆಯ ರಸ್ತೆಗಳೇ ಕೆಂಪಗೆ ಕಾಣುತ್ತವೆ. ತೊಟ್ಟು ಬಿಡಿಸುವ ಹೆಂಗಸರು ದಿನವಿಡೀ ಘಾಟಿನಲ್ಲಿ ಕೂರುತ್ತಾರೆ. ಇಲ್ಲಿ ಕೆಮ್ಮಿಗೆ ಯಾರೂ ಹೆದರುವುದಿಲ್ಲ, ಎಲ್ಲರ ಬಳಿಯೂ ಕಾರಣ ಸಿದ್ಧವಿದೆ. “ಕಾಯಿ ಘಾಟ ಬಿಡ್ರಿ ಅದು.” ಆ ಸಿದ್ಧ ಕಾರಣವೇ ಅಪಾಯ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕೆಂಬುದು ಕ್ಷಯರೋಗ ಕಾರ್ಯಕ್ರಮದ ನಿಯಮ. ಘಾಟಿನ ಕೆಮ್ಮು ಭಾನುವಾರ, ಅಮಾವಾಸ್ಯೆ ಎಂದು ಪೇಟೆಗೆ ರಜೆ ಬಿದ್ದಾಗ ಇಳಿಯಬೇಕು. ಇಳಿಯಿತೇ? ರಾತ್ರಿ ಬೆವರುತ್ತದೆಯೇ? ಕುಪ್ಪಸ ಸಡಿಲಾಗಿದೆಯೇ? ತೂಕದ ಯಂತ್ರಕ್ಕಿಂತ ಮೊದಲು ಉತ್ತರ ಕೊಡುವುದು ಕುಪ್ಪಸ.

ಎದೆಯ ಮಾತೂ ಹೀಗೆಯೇ. ‘ಎದಿ ಉರಿ’ ಎಂದರೆ ಮಿರ್ಚಿ ಭಜಿ ತಿಂದದ್ದೂ ಆಗಬಹುದು, ಹೃದಯದ ನಾಳ ಮುಚ್ಚಿದ್ದೂ ಆಗಬಹುದು. ಸಕ್ಕರೆ ಕಾಯಿಲೆಯವರು, ಹೆಂಗಸರು ಎಷ್ಟೋ ಸಲ ನೋವು ಎನ್ನುವುದೇ ಇಲ್ಲ. ‘ಸಂಕಟ ಆಗತೈತಿ’, ‘ಜೀವ ಗಾಬರಿ ಆಗತೈತಿ’ ಎನ್ನುತ್ತಾರೆ. ಈ ಎರಡು ವಾಕ್ಯ ಕೇಳಿದ ಕೂಡಲೇ ಇಸಿಜಿ ಯಂತ್ರದತ್ತ ಕೈ ಹೋದರೆ ಅದು ಒಳ್ಳೆಯ ನರ್ಸ್‌ನ ಕೈ. ರಾಜ್ಯದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದಿಂದಲೇ ತಜ್ಞರು ನೋಡಿ, ರಕ್ತದ ಗಂಟು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡಿಸುವ ಏರ್ಪಾಡಿದೆ. ಆದರೆ ಇಸಿಜಿ ತೆಗೆಯಬೇಕೆಂದು ಮೊದಲು ಯಾರಿಗಾದರೂ ಅನ್ನಿಸಬೇಕಲ್ಲ.

ಅನ್ನಿಸುವುದು ಎಷ್ಟರಮಟ್ಟಿಗೆ ನಂಬಲರ್ಹ? ಈ ಬಗ್ಗೆ ಉತ್ತರ ಕರ್ನಾಟಕದಲ್ಲೇ ಒಂದು ಒಳ್ಳೆಯ ಪಾಠವಿದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಡಾ. ಬಿ. ಎಸ್. ಕೊಡಕಣಿ, ಡಾ. ಶಿವಪ್ರಸಾದ ಗೌಡರ ಮತ್ತು ಅಮೆರಿಕದ ಡಾ. ರಿಚರ್ಡ್ ಡರ್ಮನ್ ತಂಡ 2002ರಿಂದ 2005ರ ನಡುವೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ಅಧ್ಯಯನ ನಡೆಸಿತು. ಹೆರಿಗೆ ಮಾಡಿಸಿದವರು ಡಾಕ್ಟರುಗಳಲ್ಲ, ಉಪಕೇಂದ್ರಗಳ ಸಹಾಯಕ ನರ್ಸ್–ಸೂಲಗಿತ್ತಿಯರು. ಹೆರಿಗೆಯಾದ ಕೂಡಲೇ ಅವರು ಅರ್ಧದಷ್ಟು ಮಂದಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟರು. ಅತಿ ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು.

ಮಾತ್ರೆಯಷ್ಟೇ ಮುಖ್ಯವಾದದ್ದು ಆ ಕೆಲಸದಲ್ಲಿ ಬಳಸಿದ ಪ್ಲಾಸ್ಟಿಕ್ ಹಾಳೆ. ಬಾಣಂತಿಯ ಕೆಳಗೆ ಹಾಸುವ, ತುದಿಯಲ್ಲಿ ಅಳತೆಯ ಗೆರೆಗಳಿರುವ ಆಲಿಕೆಯಂಥ ಚೀಲ. ಅದುವರೆಗೆ ಹೆಚ್ಚಿನ ಕಡೆ ಕಣ್ಣಂದಾಜೇ ಲೆಕ್ಕ. ಹಾಳೆಯಲ್ಲಿ ಅಳೆದು ನೋಡಿದಾಗ ಕಣ್ಣಂದಾಜು ಸುಮಾರು ಮೂರನೇ ಒಂದು ಭಾಗದಷ್ಟು ರಕ್ತವನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲವೆಂದು ಗೊತ್ತಾಯಿತು. ಸೀರೆ ಹೀರಿದ್ದು, ಗೋಣಿತಟ್ಟು ಹೀರಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನರ್ಸ್‌ನ ಅಂತಃಪ್ರಜ್ಞೆಯನ್ನು ಹಾಡಿ ಹೊಗಳುವವರು ಈ ಹಾಳೆಯನ್ನು ನೆನಪಿಡುವುದು ಒಳ್ಳೆಯದು. ಕಣ್ಣು ಮೋಸ ಹೋಗುವ ಕಡೆ ಗೆರೆ ಬೇಕು.

ಗೆರೆಗೆ ಸಿಗದ ಕಡೆ ಕಣ್ಣೇ ಬೇಕು. 1990ರಲ್ಲಿ ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆ ವಾರ್ಡುಗಳಿಗೆ ತುರ್ತಾಗಿ ಧಾವಿಸುವ ವೈದ್ಯಕೀಯ ತಂಡ ಕಟ್ಟಿತು. ಇಂಥ ತಂಡವನ್ನು ಯಾವಾಗ ಕರೆಯಬೇಕು ಎಂಬ ಪಟ್ಟಿಯಲ್ಲಿ ನಾಡಿ, ಉಸಿರು, ರಕ್ತದೊತ್ತಡದ ಅಂಕಿಗಳ ಜೊತೆ ಅಂಕಿಯಿಲ್ಲದ ಒಂದು ಕಾರಣವೂ ಇದೆ. ಸಿಬ್ಬಂದಿಗೆ ರೋಗಿಯ ಬಗ್ಗೆ ಗಂಭೀರ ಆತಂಕವಾದರೆ ಅಷ್ಟೇ ಸಾಕು, ಕರೆಯಬಹುದು. ನಮ್ಮಲ್ಲಿ ರಾತ್ರಿ ಎರಡು ಗಂಟೆಗೆ “ಸರ್, ಪೇಶಂಟ್ ಯಾಕೋ ಸರಿ ಕಾಣವಲ್ರು” ಎಂದು ಫೋನ್ ಮಾಡಿದ ಸಿಸ್ಟರ್‌ಗೆ ಸಿಗುವ ಉತ್ತರ ಹಲವು ಬಾರಿ “ಬಿಪಿ ಎಷ್ಟಿದೆ? ಸರಿಯಾಗೇ ಇದೆಯಲ್ಲ, ಮತ್ತೇನು?” ಅಮೆರಿಕದ ನೌಕಾಪಡೆಯ ಸಬ್‌ಮರೀನುಗಳಿಂದ ಆಸ್ಪತ್ರೆಗಳಿಗೆ ಬಂದ ವರದಿಯ ಪದ್ಧತಿಯೊಂದನ್ನು ಈಗ ನರ್ಸಿಂಗ್ ಕಾಲೇಜುಗಳಲ್ಲಿ ಕಲಿಸುತ್ತಾರೆ: ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನೆನ್ನಿಸುತ್ತದೆ, ಏನು ಮಾಡಬೇಕು. ಮೊದಲೆರಡು ಎಲ್ಲರೂ ಒಪ್ಪಿಸುತ್ತಾರೆ. ಮೂರನೆಯದಕ್ಕೆ ಬರುವಾಗ ನಾಲಗೆ ತಡವರಿಸುತ್ತದೆ. ‘ನನಗೆ ಹೀಗನ್ನಿಸುತ್ತದೆ’ ಎಂದು ದೊಡ್ಡವರೆದುರು ಹೇಳುವುದನ್ನು ನಮ್ಮ ಮನೆ, ಶಾಲೆಗಳೇ ಹೆಣ್ಣುಮಕ್ಕಳಿಗೆ ಕಲಿಸಿಲ್ಲ.

ಮಾತೇ ಇಲ್ಲದ ರೋಗಿಯ ಮುಂದೆ ಈ ‘ಅನ್ನಿಸುವುದು’ ಎಲ್ಲಿಯ ತನಕ ಹೋಗಬಲ್ಲದು ಎಂಬುದಕ್ಕೆ ಕನ್ನಡ ನಾಡಿನ ನರ್ಸ್ ಒಬ್ಬರೇ ಉದಾಹರಣೆಯಾದದ್ದು ದುರಂತ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ನೌಕರನ ಹಲ್ಲೆಗೆ ಗುರಿಯಾಗಿ ಮಿದುಳು ಜಖಂಗೊಂಡು ಹಾಸಿಗೆ ಹಿಡಿದರು. 2015ರ ಮೇ 18ರಂದು ತೀರಿಕೊಳ್ಳುವ ತನಕ, ಅಂದರೆ ನಲವತ್ತೊಂದೂವರೆ ವರ್ಷ, ನಾಲ್ಕನೇ ವಾರ್ಡಿನ ನರ್ಸ್‌ಗಳು ತಲೆಮಾರು ಬದಲಾದರೂ ಅವರನ್ನು ನೋಡಿಕೊಂಡರು. ಅರುಣಾ ಮಾತಾಡುತ್ತಿರಲಿಲ್ಲ. ಆದರೆ ಮೀನಿನ ಸಾರು ಇಷ್ಟ, ಕೋಣೆಯಲ್ಲಿ ಜನ ಹೆಚ್ಚಾದರೆ ಕಿರಿಕಿರಿ, ಕೈ ಸವರಿದರೆ ಸಮಾಧಾನ ಎಂಬುದೆಲ್ಲ ಆ ನರ್ಸ್‌ಗಳಿಗೆ ಗೊತ್ತಿತ್ತು. ಲೇಖಕಿ ಪಿಂಕಿ ವಿರಾನಿ ದಯಾಮರಣ ಕೋರಿ ಸುಪ್ರೀಂ ಕೋರ್ಟಿಗೆ ಹೋದಾಗ ಈ ನರ್ಸ್‌ಗಳು ಬೇಡವೆಂದರು. 2011ರ ಮಾರ್ಚ್ 7ರ ತೀರ್ಪು ಅವರ ಆರೈಕೆಯನ್ನು ಮನಸಾರೆ ಹೊಗಳಿತು, ಅರುಣಾ ಪರವಾಗಿ ನಿರ್ಧರಿಸುವ ಹಕ್ಕು ಕೆಇಎಂ ಸಿಬ್ಬಂದಿಯದೇ ಎಂದಿತು. ಜೀವರಕ್ಷಕ ಚಿಕಿತ್ಸೆ ಹಿಂತೆಗೆಯುವ ದಾರಿಯನ್ನು ದೇಶದಲ್ಲಿ ಮೊದಲು ತೆರೆದದ್ದೂ ಅದೇ ತೀರ್ಪು. ನರ್ಸ್‌ಗಳು ಸರಿಯೋ ವಿರಾನಿ ಸರಿಯೋ ಎಂಬ ಜಗಳ ಮುಗಿದಿಲ್ಲ. ಇಬ್ಬರೂ ಮಾತಿಲ್ಲದವಳ ಮಾತನ್ನೇ ಆಡುತ್ತಿದ್ದರು.

ಆ ದಾರಿ ಕರ್ನಾಟಕಕ್ಕೆ ಬಂದದ್ದು 2025ರ ಜನವರಿ 30ರಂದು. ಗುಣವಾಗುವ ಆಸೆಯಿಲ್ಲದ ರೋಗಿಗಳ ಚಿಕಿತ್ಸೆ ನಿಲ್ಲಿಸುವ ಬಗ್ಗೆ ತಲಾ ಮೂವರು ವೈದ್ಯರ ಎರಡು ಮಂಡಳಿಗಳು ನಿರ್ಧರಿಸಬೇಕೆಂದು ಆರೋಗ್ಯ ಇಲಾಖೆ ಸುತ್ತೋಲೆ ಹೊರಡಿಸಿತು. ಕುಮಾರಪಟ್ಟಣದಿಂದ ಅನತಿದೂರದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್. ಬಿ. ಕರಿಬಸಮ್ಮ ಘನತೆಯ ಸಾವಿನ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದವರು. ಮಂಡಳಿಗಳಲ್ಲಿ ವೈದ್ಯರಿದ್ದಾರೆ. ಆದರೆ “ಅಪ್ಪನ್ನ ಮನಿಗೆ ಒಯ್ಯಲೇನ್ರಿ?” ಎಂದು ಮಗ ಕೇಳುವುದು ಮಂಡಳಿಯನ್ನಲ್ಲ, ಡ್ರಿಪ್ ಬದಲಿಸಲು ಬಂದ ಸಿಸ್ಟರನ್ನು. ಆಕೆಗೆ ನಿರ್ಧರಿಸುವ ಅಧಿಕಾರವಿಲ್ಲ, ಸುಮ್ಮನಿರುವ ಅವಕಾಶವೂ ಇಲ್ಲ. ಕೆಲವರು “ಡಾಕ್ಟರ್‌ನ ಕೇಳ್ರಿ” ಎಂದು ಹೋಗಿಬಿಡುತ್ತಾರೆ. ಕೆಲವರು ಡ್ರಿಪ್ ಬದಲಿಸಿ ಸ್ಟೂಲ್ ಎಳೆದು ಕೂರುತ್ತಾರೆ, “ಅಪ್ಪಾರು ಏನಂತಿದ್ರು, ಆರಾಮ ಇದ್ದಾಗ?” ಎಂದು ಕೇಳುತ್ತಾರೆ.

ಮತ್ತೆ ಹಾವು ಕಚ್ಚಿದವನ ಕಡೆಗೆ. ನಳಿಕೆ ವಾಲಿಸಿದಾಗ ರಕ್ತ ಹರಿಯಿತು ಎನ್ನಿ. ಮೊದಲ ಸುತ್ತಿನ ಔಷಧ ಏರಿದೆ. ಮೈ ತುರಿಕೆ, ದದ್ದು ಬಂದರೆ ಇರಲಿ ಎಂದು ಅಡ್ರಿನಲಿನ್ ತುಂಬಿದ ಸಿರಿಂಜನ್ನು ಟ್ರೇಯಲ್ಲಿ ಇಟ್ಟುಕೊಂಡು ನರ್ಸ್ ಪಕ್ಕದಲ್ಲೇ ಕೂತಿದ್ದಳು. ಇನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಜಿಲ್ಲೆಯ ಲೆಕ್ಕದಲ್ಲಿ ಹಾವೇರಿ. ಅಲ್ಲಿ 2022ರಿಂದ ವೈದ್ಯಕೀಯ ಕಾಲೇಜೂ ಇದೆ. ದೂರದ ಲೆಕ್ಕದಲ್ಲಿ ಸೇತುವೆಯಾಚೆಯ ದಾವಣಗೆರೆಯ ಚಿಗಟೇರಿ ಆಸ್ಪತ್ರೆ. ಕುಮಾರಪಟ್ಟಣದವರು ಹೆಚ್ಚಾಗಿ ನದಿ ದಾಟುತ್ತಾರೆ.

108 ಬರುವಷ್ಟರಲ್ಲಿ ಆಕೆ ಜೇಬಿನಿಂದ ಬಾಲ್‌ಪೆನ್ ತೆಗೆದು, ಬಾವು ಎಲ್ಲಿಯ ತನಕ ಏರಿದೆಯೋ ಅಲ್ಲಿ ರೋಗಿಯ ಕಾಲಿನ ಮೇಲೆಯೇ ಅಡ್ಡಗೆರೆ ಎಳೆಯುತ್ತಾಳೆ, ಪಕ್ಕದಲ್ಲಿ ಹೊತ್ತು ಬರೆಯುತ್ತಾಳೆ: 11.40. ಚೀಟಿ ಕಳೆಯಬಹುದು, ಜೊತೆಗೆ ಬಂದವರಿಗೆ ಗಾಬರಿಯಲ್ಲಿ ಹೊತ್ತು ಮರೆಯಬಹುದು. ಒಂದೂವರೆಗೆ ಆಚೆ ದಡದ ವಾರ್ಡಿನಲ್ಲಿ ಬೇರೊಬ್ಬ ಸಿಸ್ಟರ್ ಹೊದಿಕೆ ಸರಿಸುತ್ತಾಳೆ, ಗೆರೆ ನೋಡುತ್ತಾಳೆ. ಬಾವು ಅದನ್ನು ಎರಡು ಬೆರಳಷ್ಟು ದಾಟಿದೆ. ಅವಳೂ ಪೆನ್ ತೆಗೆಯುತ್ತಾಳೆ. “ನೋವು ಜಾಸ್ತಿ ಆಗ್ತಿದೆಯಾ?” ಎಂದು ಕೇಳುತ್ತಾಳೆ. “ಸೆಳಿಯಾಕತ್ತೈತ್ರಿ” ಎನ್ನುತ್ತಾನೆ ಅವನು.